ಹಳೇ ಜೀಪು ಮಾರುವ ಮುನ್ನ

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಶೆಡ್ಡುಗಳಲ್ಲಿ ಹಳೇ ವಿಲ್ಲಿಸ್ ಜೀಪುಗಳು ಇನ್ನೂ ಸಿಗುತ್ತವೆ. ಅಜ್ಜ ಓಡಿಸಿದ ಗಾಡಿಗೆ ಮೊಮ್ಮಗ ಲಕ್ಷಗಟ್ಟಲೆ ಸುರಿದು ಟಿಂಕರಿಂಗ್, ಪೇಂಟಿಂಗ್ ಮಾಡಿಸುತ್ತಾನೆ. ಆಮೇಲೆ ಯಾವುದೋ ಅಡಚಣೆಗೆ ಮಾರಲು ಹೊರಡುತ್ತಾನೆ. ಗ್ಯಾರೇಜಿನ ಬಿಲ್ಲುಗಳನ್ನೆಲ್ಲ ಕೂಡಿಸಿ ಹೇಳಿದ ರೇಟಿಗೆ ಯಾರೂ ಕೈ ಹಾಕುವುದಿಲ್ಲ ಎಂಬುದು ಆಗಲೇ ಗೊತ್ತಾಗುವುದು.

ತಿಳಿದ ಗಿರಾಕಿ ಬಣ್ಣಕ್ಕೆ ಮರುಳಾಗುವವನಲ್ಲ. ನೆಲಕ್ಕೆ ಬಗ್ಗಿ ಛಾಸಿ ನೋಡುತ್ತಾನೆ. ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿ ಕೊಳವೆಯಂತೆ ದುಂಡಗಿದ್ದರೆ ವಿಲ್ಲಿಸ್. ಬೋರಲು ಯು ಆಕಾರದ್ದಾದರೆ ಫೋರ್ಡ್. ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಕೂಡ ಇದೇ ಜೀಪು ತಯಾರಿಸಿತು, ಬೋಲ್ಟಿನ ತಲೆಯ ಮೇಲೂ ತನ್ನ ಎಫ್ ಒತ್ತಿತು! ಗ್ರಿಲ್‌ನಲ್ಲಿ ಒಂಬತ್ತು ಸೀಳಿದ್ದರೆ ಯುದ್ಧದ ಗಾಡಿ, ಏಳಿದ್ದರೆ ಆಮೇಲೆ ಬಂದ ಸಿಜೆ. ಮಹೀಂದ್ರಾದವರು ವರ್ಷಗಟ್ಟಲೆ ತಯಾರಿಸಿದ ಸಿಜೆ 3ಬಿಯ ಬಾನೆಟ್ ಎತ್ತರ, ಏಕೆಂದರೆ ಅದರ ಹರಿಕೇನ್ ಎಂಜಿನ್ನೇ ಎತ್ತರ. ಸಿಜೆಗೆ ಗ್ರಿಲ್ ಬದಲಿಸಿ ಯುದ್ಧದ ಜೀಪೆಂದು ಮಾರಲು ಹೋದರೆ ಇಂಥವನ ಮುಂದೆ ಐದು ನಿಮಿಷವೂ ನಿಲ್ಲುವುದಿಲ್ಲ.

ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ ಗಾಡಿಗಳೂ ಬೇಕಾದಷ್ಟಿವೆ. ಅದರಲ್ಲಿ ಮುಚ್ಚಿಡುವುದೇನೂ ಇಲ್ಲ, ಆದರೆ ಬದಲಾದ ಎಂಜಿನ್ ಆರ್‌ಸಿಯಲ್ಲಿ ನಮೂದಾಗಿರಬೇಕು. ಛಾಸಿ ನಂಬರ್ ಆರ್‌ಸಿಗೆ ತಾಳೆಯಾಗದಿದ್ದರಂತೂ ಎಷ್ಟು ಚೆಂದ ರಿಪೇರಿಯಾಗಿದ್ದರೂ ವ್ಯಾಪಾರ ಕುದುರದು. ಪುಟ್ಟಿ ಮೆತ್ತುವ ಮೊದಲು ತೆಗೆದ ಫೋಟೊಗಳಿದ್ದರೆ ಜೊತೆಗಿಡಿ. ತುಕ್ಕು ತಿಂದ ತಗಡಿಗೆ ಎಲ್ಲಿ ವೆಲ್ಡಿಂಗ್ ಆಗಿದೆಯೆಂದು ನೀವೇ ತೋರಿಸಿದರೆ ಚೌಕಾಸಿಯ ಅರ್ಧ ಕಾವು ಅಲ್ಲೇ ಇಳಿಯುತ್ತದೆ.

ವಿಂಟೇಜ್ ನೋಂದಣಿ ಮಾಡಿಸಿದರೆ ಬೆಲೆ ಏರುತ್ತದೆಂದು ಹಲವರ ಲೆಕ್ಕ. 2021ರ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗೆ 20,000 ರೂಪಾಯಿ ಶುಲ್ಕಕ್ಕೆ ‘ವಿಎ’ ಅಕ್ಷರಗಳ ನಂಬರ್ ಸಿಗುತ್ತದೆ, 10 ವರ್ಷದ ಅವಧಿಗೆ. ಆದರೆ ಆಮೇಲೆ ಅದನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ; ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕಷ್ಟೇ. ಸಂಗ್ರಹಕಾರನಿಗೆ ಇದು ಸರಿ. ವಾರದ ಸಂತೆಗೆ ಓಡಿಸಬೇಕೆನ್ನುವ ತೋಟದ ಗಿರಾಕಿಗೆ ನಷ್ಟ. ಯಾರಿಗೆ ಮಾರುವುದೆಂದು ತೀರ್ಮಾನಿಸದೆ ಆ ಅರ್ಜಿಗೆ ಕೈ ಹಾಕದಿರುವುದೇ ಲೇಸು.

ಇನ್ನೊಂದು ಮಾತು: ದುಡ್ಡು ಎಣಿಸಿಕೊಂಡು ಕೀ ಕೊಟ್ಟರೆ ಮುಗಿಯಲಿಲ್ಲ. ಆರ್‌ಟಿಓ ಕಚೇರಿಯಲ್ಲಿ 29 ಮತ್ತು 30ನೇ ನಮೂನೆ ಸಲ್ಲಿಸಿ ಹೆಸರು ಬದಲಾಗುವ ತನಕ, ಆ ಜೀಪು ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವ ನಿಮ್ಮದೇ.