ನಿಮಗಿದು ಗೊತ್ತೆ? ಹಾವಿನ ಮರಿಗೆ ಮೊದಲ ವಾರ ಊಟವೇ ಬೇಡ!

ಅಮ್ಮಸಂದ್ರ, ತುರುವೇಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಮಟ್ಟೆ ರಾಶಿ, ಸೋಗೆ ಗುಡ್ಡೆಗಳ ಅಡಿಯಿಂದ ಕೇರೆಹಾವಿನ ಮರಿಗಳು ಹೊರಬೀಳುವುದುಂಟು. ಮೊಟ್ಟೆಯೊಡೆದು ಬಂದ ಹಾವಿನ ಮರಿ ಸಾಮಾನ್ಯವಾಗಿ ವಾರ, ಹತ್ತು ದಿನ ಏನನ್ನೂ ಮುಟ್ಟುವುದಿಲ್ಲ. ಕಾಯಿಲೆಯಲ್ಲ, ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೇ ಅಷ್ಟು ದಿನದ ಬುತ್ತಿ. ಮೊದಲ ಪೊರೆ ಕಳಚಿದ ಮೇಲೆ ಬೇಟೆ ಶುರು.

ಆಗಲೂ ಇಲಿ ಸೇರುವುದಿಲ್ಲ. ಕೊಬ್ಬರಿ ಅಟ್ಟದ ಇಲಿ ದೊಡ್ಡ ಕೇರೆಯ ಪಾಲು. ಒಂದಡಿ ಚಿಲ್ಲರೆ ಉದ್ದದ ಮರಿಗೆ ಪುಟ್ಟ ಕಪ್ಪೆ, ಹಲ್ಲಿಯೇ ಸರಿ.

ಅಮೆರಿಕದಲ್ಲಿ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವನ್ನು ಸಾಕುವವರಿಗೂ ಇದೇ ತಲೆನೋವು. ಫ್ರೀಜರಿನಿಂದ ತೆಗೆದು ಬೆಚ್ಚಗೆ ಮಾಡಿದ ಇಲಿಮರಿಯನ್ನು ಮುಂದಿಟ್ಟರೂ ಕೆಲವು ಮರಿಗಳು ಮುಖ ತಿರುಗಿಸುತ್ತವೆ. ಆಗ ಅವರು ಇಲಿಮರಿಯನ್ನು ಚೆನ್ನಾಗಿ ತೊಳೆದು, ಹಲ್ಲಿಯ ಮೈಗೆ ಉಜ್ಜಿ ವಾಸನೆ ಹತ್ತಿಸುತ್ತಾರೆ. ನಾಲಿಗೆ ಚಾಚಿ ವಾಸನೆಯ ಕಣ ಹಿಡಿದು, ಅಂಗುಳದಲ್ಲಿರುವ ಜೇಕಬ್‌ಸನ್ ಅಂಗದಿಂದ ಬೇಟೆಯನ್ನು ಗುರುತಿಸುವ ಹಾವು ಹಲ್ಲಿಯೆಂದೇ ನುಂಗಿಬಿಡುತ್ತದೆ! ಅದಕ್ಕೂ ಬಗ್ಗದ ಮರಿಯನ್ನು ಗಾಳಿಯಾಡುವ ಪುಟ್ಟ ಡಬ್ಬಿಯಲ್ಲಿ, ಕತ್ತಲಲ್ಲಿ, ಇಲಿಮರಿಯ ಜೊತೆ ರಾತ್ರಿಯಿಡೀ ಬಿಡುವುದುಂಟು. ಬಾಯಿ ಬಿಡಿಸಿ ತುರುಕುವುದು ಕಟ್ಟಕಡೆಯ ಉಪಾಯ. ಪಳಗಿದ ಕೈಗಷ್ಟೇ ಅದು ಸಲ್ಲುವುದು.

ನಮ್ಮಲ್ಲಿ ಈ ಪ್ರಯೋಗ ಬೇಡವೇ ಬೇಡ. ಕೇರೆ, ನಾಗರಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಟ್ಟಲಲ್ಲಿ ಹಾಲಿಡುವುದೂ ವ್ಯರ್ಥ, ಅದು ಹಾವಿನ ಆಹಾರವೇ ಅಲ್ಲ. ಕೇರೆ ಮರಿ ಎಂದುಕೊಂಡದ್ದು ನಾಗರದ್ದಾಗಿದ್ದರೆ ಅದಕ್ಕೆ ಹುಟ್ಟಿನಿಂದಲೇ ವಿಷವಿರುತ್ತದೆ. ತೋಟದಲ್ಲಿ ಕಂಡರೆ ದಾರಿ ಬಿಡಿ, ಮನೆಯೊಳಗೆ ಬಂದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.