ಚರ್ಮದ ಮೇಲಿನ ಕ್ಯಾನ್ಸರ್ ಅಲ್ಲದ ಗಂಟುಗಳು: ಲೇಸರ್ ಮತ್ತು ಶಸ್ತ್ರಚಿಕಿತ್ಸೆ – ಸಾರ್ವಜನಿಕರಿಗೆ ಮಾಹಿತಿ

ನರುಲಿ, ಉಬ್ಬಿದ ಮಚ್ಚೆ, ಕೊಬ್ಬಿನ ಗಡ್ಡೆ, ಸಿಸ್ಟ್ ಮುಂತಾದವು ಬಹುಮಟ್ಟಿಗೆ ಅಪಾಯಕಾರಿಯಲ್ಲದ ಬೆಳವಣಿಗೆಗಳಾಗಿದ್ದು, ಅನೇಕ ಸಂದರ್ಭಗಳಲ್ಲಿ ಚಿಕಿತ್ಸೆಯ ಅಗತ್ಯವಿರುವುದಿಲ್ಲ. ನೋವು, ಪದೇ ಪದೇ ಸೋಂಕು, ಬಟ್ಟೆಯ ಉಜ್ಜುವಿಕೆ ಅಥವಾ ಸಂಶಯವಿದ್ದಲ್ಲಿ ಅವುಗಳನ್ನು ತೆಗೆಯಲಾಗುತ್ತದೆ. ವಿಧಾನವನ್ನು ನಿರ್ಧರಿಸುವ ಮುನ್ನ ಗಂಟು ಯಾವುದೆಂಬುದು ಖಚಿತವಾಗಿರಬೇಕು.

1. ಲೇಸರ್ ಚಿಕಿತ್ಸೆ

ಕಾರ್ಬನ್ ಡೈಆಕ್ಸೈಡ್ ಲೇಸರ್‌ನ 10,600 ನ್ಯಾನೊಮೀಟರ್ ತರಂಗಾಂತರದ ಕಿರಣವನ್ನು ಚರ್ಮದಲ್ಲಿರುವ ನೀರು ಹೀರಿಕೊಳ್ಳುವುದರಿಂದ ಬೆಳವಣಿಗೆಯು ಪದರ ಪದರವಾಗಿ ಆವಿಯಾಗುತ್ತದೆ. ರಕ್ತಸ್ರಾವ ಕಡಿಮೆ, ಹೊಲಿಗೆ ಬೇಕಾಗುವುದಿಲ್ಲ. ಮೇಲ್ಪದರದ ಸಣ್ಣ ಗಂಟುಗಳಿಗೆ, ವಿಶೇಷವಾಗಿ ಒಂದೇ ಭಾಗದಲ್ಲಿ ಹಲವು ಇದ್ದಲ್ಲಿ, ಇದು ಸೂಕ್ತ. ಕಂದು ಅಥವಾ ಕಪ್ಪು ಮೈಬಣ್ಣದವರಲ್ಲಿ ಗಾಯ ಮಾಗಿದ ಜಾಗದಲ್ಲಿ ಕಪ್ಪು ಅಥವಾ ಬಿಳಿ ಕಲೆ ಉಳಿಯಬಹುದು. ನರುಲಿಯು ವೈರಾಣುವಿನಿಂದ ಉಂಟಾಗುವುದರಿಂದ ಯಾವ ವಿಧಾನದಲ್ಲಿ ತೆಗೆದರೂ ಮರುಕಳಿಸುವ ಸಾಧ್ಯತೆಯಿದೆ.

2. ಶಸ್ತ್ರಚಿಕಿತ್ಸೆ

ಆ ಭಾಗಕ್ಕೆ ಮಾತ್ರ ಅರಿವಳಿಕೆ ನೀಡಿ ಗಂಟನ್ನು ಕತ್ತರಿಸಿ ತೆಗೆಯಲಾಗುತ್ತದೆ. ಚರ್ಮದ ಅಡಿಯಲ್ಲಿರುವ ಕೊಬ್ಬಿನ ಗಡ್ಡೆ ಮತ್ತು ಸಿಸ್ಟ್‌ಗಳಿಗೆ ಸಾಮಾನ್ಯವಾಗಿ ಇದೇ ವಿಧಾನ. ಸಿಸ್ಟ್‌ನ ಹೊರಚೀಲ ಪೂರ್ಣವಾಗಿ ಹೊರಬಾರದಿದ್ದಲ್ಲಿ ಗಂಟು ಮತ್ತೆ ತುಂಬಿಕೊಳ್ಳುತ್ತದೆ. ಹೊಲಿಗೆಗಳನ್ನು ಮುಖದಲ್ಲಿ ಸುಮಾರು 5ರಿಂದ 7 ದಿನಗಳಲ್ಲಿ, ಬೆನ್ನಿನಲ್ಲಿ 10ರಿಂದ 14 ದಿನಗಳಲ್ಲಿ ಬಿಚ್ಚಲಾಗುತ್ತದೆ. ಗೆರೆಯಂತಹ ಕಲೆ ಉಳಿಯುತ್ತದೆ. ಎದೆ, ಭುಜ ಮತ್ತು ಕಿವಿಹಾಲೆಗಳಲ್ಲಿ ಕಲೆಯು ದಪ್ಪವಾಗಿ ಬೆಳೆದು ಕೀಲಾಯ್ಡ್ ಆಗಬಹುದು. ಈ ಸಾಧ್ಯತೆ ಲೇಸರ್‌ನಲ್ಲಿಯೂ ಇದೆ.

3. ಮುಖ್ಯ ವ್ಯತ್ಯಾಸ

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಲೇಸರ್‌ನಿಂದ ಆವಿಯಾದಲ್ಲಿ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಕ್ಯಾನ್ಸರನ್ನು ಮಚ್ಚೆಯೆಂದು ಭಾವಿಸಿ ಲೇಸರ್‌ನಿಂದ ತೆಗೆದಲ್ಲಿ, ಮೇಲ್ಭಾಗ ಮಾತ್ರ ಮಾಯವಾಗಿ ರೋಗವು ಒಳಗೆ ಮುಂದುವರಿಯಬಹುದು. ಆದುದರಿಂದ ಕೆಳಕಂಡ ಲಕ್ಷಣಗಳಿದ್ದಲ್ಲಿ ಲೇಸರ್‌ಗೆ ಮುನ್ನ ಚರ್ಮರೋಗ ತಜ್ಞರ ತಪಾಸಣೆ ಹಾಗೂ ಅವರ ಸಲಹೆಯಂತೆ ಬಯಾಪ್ಸಿ ಪರೀಕ್ಷೆ ಅವಶ್ಯಕ:

• ಮಚ್ಚೆಯ ಎರಡು ಅರ್ಧಗಳು ಒಂದೇ ಆಕಾರದಲ್ಲಿ ಇಲ್ಲದಿರುವುದು, ಅಂಚು ಅಂಕುಡೊಂಕಾಗಿರುವುದು
• ಒಂದಕ್ಕಿಂತ ಹೆಚ್ಚು ಬಣ್ಣ, 6 ಮಿಲಿಮೀಟರ್‌ಗಿಂತ ಹೆಚ್ಚಿನ ಅಗಲ
• ಗಾತ್ರ ಅಥವಾ ಬಣ್ಣ ಬದಲಾಗುತ್ತಿರುವುದು, ರಕ್ತ ಒಸರುವುದು, ಮಾಯದ ಹುಣ್ಣು
• ಅಂಗಾಲು, ಅಂಗೈ ಅಥವಾ ಉಗುರಿನ ಅಡಿಯಲ್ಲಿ ಹೊಸದಾಗಿ ಕಾಣಿಸಿಕೊಂಡ ಕಪ್ಪು ಕಲೆ

4. ಸಾರ್ವಜನಿಕರ ಗಮನಕ್ಕೆ

• ಮಧುಮೇಹ, ಹಿಂದೆ ಆದ ಕೀಲಾಯ್ಡ್ ಹಾಗೂ ರಕ್ತ ತೆಳುವಾಗಿಸುವ ಮಾತ್ರೆಗಳ ಸೇವನೆಯನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಮಾತ್ರೆಗಳನ್ನು ಸ್ವತಃ ನಿಲ್ಲಿಸಬಾರದು.
• ಗಂಟಿಗೆ ಸುಣ್ಣ ಅಥವಾ ಆಮ್ಲ ಹಚ್ಚುವುದು, ದಾರದಿಂದ ಬಿಗಿಯುವುದು ಬೇಡ.
• ಕೇವಲ ಸೌಂದರ್ಯದ ದೃಷ್ಟಿಯಿಂದ ಮಾಡಿಸುವ ಚಿಕಿತ್ಸೆಯು ಆಯುಷ್ಮಾನ್ ಭಾರತ್ ಯೋಜನೆಯ ವ್ಯಾಪ್ತಿಗೆ ಒಳಪಡುವುದಿಲ್ಲ.
• ಪ್ರಯೋಗಾಲಯದ ವರದಿಯನ್ನು ತಪ್ಪದೆ ಪಡೆದು, ವೈದ್ಯರಿಗೆ ತೋರಿಸಿ, ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.