ಭದ್ರೆಗೆ ಬಿದ್ದ ಹೂಳು

ಮಲೆನಾಡಿನ ಹೊಳೆಗಳು ಮಳೆಗಾಲದಲ್ಲಿ ಕೆಂಪಾಗುವುದು ಹೊಸ ಸಂಗತಿಯೇನಲ್ಲ. ಮಳೆ ಬಿಟ್ಟರೆ ನೀರು ತಿಳಿಯಾಗುತ್ತದೆ. ಆದರೆ ಕುದುರೆಮುಖದಲ್ಲಿ ಗಣಿಗಾರಿಕೆ ನಡೆದ ವರ್ಷಗಳಲ್ಲಿ ಭದ್ರಾ ನದಿಯ ಕೆಂಪು ಬೇರೆಯೇ ಬಗೆಯದಾಗಿತ್ತು.

ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ತಾಣವೆಂದು ಪ್ರಸಿದ್ಧವಾದದ್ದು ಗಂಗಾಮೂಲ. ಅಲ್ಲಿಂದ ಇಳಿದ ಭದ್ರೆಯ ದಂಡೆಯಲ್ಲೇ ಕಬ್ಬಿಣದ ಅದಿರಿನ ಬೆಟ್ಟಗಳಿದ್ದವು. ಇರಾನ್ ದೇಶದ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಒದಗಿಸಲೆಂದು 1976ರಲ್ಲಿ ಸಾರ್ವಜನಿಕ ರಂಗದ ಕಂಪನಿಯೊಂದು ಸ್ಥಾಪನೆಯಾಯಿತು. ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಹಾಗಾಗಿ ಅದನ್ನು ನುಣ್ಣಗೆ ಅರೆದು, ಕಬ್ಬಿಣವನ್ನು ಬೇರ್ಪಡಿಸಿ, ನೀರಿನಲ್ಲಿ ಕದಡಿ ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕಸಪುಡಿ ಲಕ್ಯಾ ಹೊಳೆಗೆ ಕಟ್ಟಿದ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಸೇರುತ್ತಿತ್ತು.

ಅಣೆಕಟ್ಟು ತಡೆಯುತ್ತಿದ್ದುದು ಕಾರ್ಖಾನೆಯ ಕಸವನ್ನು. ಅಗೆದು ಬೋಳಾದ ಬೆಟ್ಟದ ಮಣ್ಣಿಗೆ ಅಂಥ ತಡೆ ಸಾಕಷ್ಟಿರಲಿಲ್ಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 6000 ಮಿ.ಮೀ. ದಾಟುವುದುಂಟು. ಹುಲ್ಲುಗಾವಲೂ ಶೋಲಾ ಕಾಡೂ ಇದ್ದಾಗ ಬೇರುಗಳು ಮಣ್ಣನ್ನು ಹಿಡಿದಿಡುತ್ತಿದ್ದವು. ಹೊದಿಕೆ ಹೋದ ಮೇಲೆ ಪ್ರತಿ ಜಡಿಮಳೆಯೂ ನೆಲವನ್ನು ಕೊಚ್ಚಿ ಹೊಳೆಗೆ ತಂದಿತು.

ಹರಿಯುವ ನೀರು ಹೂಳನ್ನು ಹೊರುತ್ತದೆ, ನಿಂತ ನೀರು ಇಳಿಸುತ್ತದೆ. ಕಳಸ, ಬಾಳೆಹೊನ್ನೂರು ದಾಟಿ ಬಂದ ಹೊಳೆ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನಿಧಾನಿಸುತ್ತದೆ. ಅಲ್ಲಿ ತಳ ಸೇರುವ ಮಣ್ಣಿನಷ್ಟು ಜಾಗ ನೀರಿಗೆ ಕಡಿಮೆ. ನಷ್ಟ ಯಾರದು? ಗಣಿಯ ಮುಖವನ್ನೇ ಕಾಣದ ದಾವಣಗೆರೆ, ಚನ್ನಗಿರಿ ಕಡೆಯ ಬತ್ತದ ಗದ್ದೆಗಳ ರೈತರದು. ಜಲಾನಯನದ ಚಿಕ್ಕ ಭಾಗವಷ್ಟೇ ಆಗಿದ್ದ ಗಣಿ ಪ್ರದೇಶದಿಂದ ಹೂಳಿನ ದೊಡ್ಡ ಪಾಲು ಬರುತ್ತಿದೆ ಎಂದು ಅಳೆದು ನೋಡಿದ ವಿಜ್ಞಾನಿಗಳು ಹೇಳಿದರು. ಕಂಪನಿ ಅದನ್ನು ಒಪ್ಪಲಿಲ್ಲ.

ಗಣಿಯನ್ನೇ ನಂಬಿ ಒಂದು ಊರು ಬೆಳೆದಿತ್ತು, ಸಾವಿರಾರು ಜನರಿಗೆ ಅನ್ನವಿತ್ತು. ಹಾಗಾಗಿ ವಾದ ಸುಲಭವಾಗಿ ಮುಗಿಯಲಿಲ್ಲ. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ನೀಡಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಊರು ಬರಿದಾಯಿತು.

ಗಣಿಯನ್ನು ಆದೇಶದಿಂದ ಮುಚ್ಚಬಹುದು. ಜಲಾಶಯದ ತಳ ಸೇರಿದ ಮಣ್ಣನ್ನು ಬೆಟ್ಟಕ್ಕೆ ಮರಳಿಸಲಾಗದು. ಲಕ್ಯಾ ಅಣೆಕಟ್ಟಿನ ಹಿಂದೆ ಕುಳಿತ ಕಸಪುಡಿಯನ್ನಂತೂ ಮಳೆಗಾಲ ಬಂದಾಗಲೆಲ್ಲ ಕಾಯುತ್ತಲೇ ಇರಬೇಕು.